ಎರಡು ಅಂಕದ ಪ್ರಬಂಧ

(ಶಾಲೆಯ ಸುವರ್ಣ ಮಹೋತ್ಸವದ ಗುರುವಂದನೆ ಕಾರ್ಯಕ್ರಮದಲ್ಲಿ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಾಲೆಗೆ ಐವತ್ತು ತುಂಬಿತು. ಈ ಐವತ್ತರಲ್ಲಿ ಹದಿನಾಲ್ಕು ವರ್ಷ ನನ್ನವು. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಮೇಷ್ಟ್ರು ಹಾಗೆ, ಮೇಷ್ಟ್ರು ಹೀಗೆ ಎಂದು ಹೊಗಳಿದಿರಿ. ಹೊಗಳಿಕೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ನನಗೆ ಇವತ್ತು ಒಂದು ಸಾಲ ತೀರಿಸುವುದಿದೆ. ಸಂಘಟಕರು "ಪ್ರಬಂಧ ಬರೆಯುವುದರ ಬಗ್ಗೆ ನಾಲ್ಕು ಮಾತಾಡಿ ಸಾರ್" ಎಂದಾಗ ಆ ಸಾಲವೇ ನೆನಪಾಯಿತು. ಹಾಗಾಗಿ ನನ್ನ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

2009ನೇ ಇಸವಿ. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ. ಕನ್ನಡ ಪತ್ರಿಕೆಯ ಕೊನೆಯ ಪ್ರಶ್ನೆ: "ಕುಡಿಯುವ ನೀರಿನ ಸಮಸ್ಯೆ ಮತ್ತು ಪರಿಹಾರ – ಪ್ರಬಂಧ ಬರೆಯಿರಿ." ಐದು ಅಂಕ. ಪ್ರಶ್ನೆ ಕೊಟ್ಟವನು ನಾನೇ. ಪಾವಗಡ ತಾಲ್ಲೂಕಿನಲ್ಲಿ ಕೂತು ನೀರಿನ ಬಗ್ಗೆ ಬರೆಯಿರಿ ಎಂದು ಕೇಳಿದ್ದೆ. ಆದರೆ ನಾನು ನಿಜಕ್ಕೂ ನೀರಿನ ಬಗ್ಗೆ ಕೇಳಿರಲಿಲ್ಲ. ಗೈಡಿನಲ್ಲಿ ಆ ಪ್ರಬಂಧವಿತ್ತು, ಅದಕ್ಕೇ ಕೇಳಿದ್ದೆ.

ಮೂವತ್ತೆಂಟು ಉತ್ತರ ಪತ್ರಿಕೆಗಳು. ಹೆಚ್ಚುಕಡಿಮೆ ಎಲ್ಲವೂ ಒಂದೇ ಅಚ್ಚು. ಪೀಠಿಕೆಯಲ್ಲಿ "ನೀರು ಸಕಲ ಜೀವರಾಶಿಗೂ ಆಧಾರ." ನಡುವೆ "ಜನಸಂಖ್ಯಾ ಸ್ಫೋಟ, ಅರಣ್ಯನಾಶ, ಕೈಗಾರಿಕೀಕರಣ." ಪರಿಹಾರಕ್ಕೆ "ನೀರನ್ನು ಮಿತವಾಗಿ ಬಳಸಬೇಕು, ಕುದಿಸಿ ಆರಿಸಿ ಕುಡಿಯಬೇಕು, ಜನರಲ್ಲಿ ಜಾಗೃತಿ ಮೂಡಿಸಬೇಕು." ಉಪಸಂಹಾರದಲ್ಲಿ "ಆದ್ದರಿಂದ ನಾವೆಲ್ಲರೂ ಕೈಜೋಡಿಸೋಣ." ನಾಲ್ಕು, ನಾಲ್ಕು, ನಾಲ್ಕೂವರೆ ಎಂದು ಕೆಂಪು ಪೆನ್ನು ಓಡುತ್ತಾ ಹೋಯಿತು.

ಒಂದು ಪತ್ರಿಕೆಯಲ್ಲಿ ಮಾತ್ರ ಪೆನ್ನು ನಿಂತಿತು. ಹುಡುಗಿಯೊಬ್ಬಳದು. ಪೀಠಿಕೆ ಇಲ್ಲ. ನೇರವಾಗಿ ಶುರು. ತಮ್ಮ ಬೀದಿಯ ಬೋರ್‌ವೆಲ್ ನೀರಿನಿಂದ ಮನೆಮಂದಿಯ ಹಲ್ಲೆಲ್ಲ ಹಳದಿಯಾಗಿದೆ, ಅಜ್ಜಿಗೆ ನೆಲದಲ್ಲಿ ಕೂತರೆ ಏಳಲಾಗುವುದಿಲ್ಲ, ಯಾರಾದರೂ ಫೋಟೋ ತೆಗೆಯಲು ಬಂದರೆ ತಾನು ಬಾಯಿ ಮುಚ್ಚಿಕೊಳ್ಳುತ್ತೇನೆ ಎಂದು ಬರೆದಿದ್ದಳು. ನಿಮಗೆ ಗೊತ್ತು, ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅವಳ ಪುಟದಲ್ಲಿ ಎರಡು ಕಡೆ "ನೀರು" ಹೋಗಿ "ನೀಳ್ಳು" ಆಗಿತ್ತು. ಒತ್ತಕ್ಷರ ತಪ್ಪಿತ್ತು, ಮಹಾಪ್ರಾಣ ಬಿಟ್ಟುಹೋಗಿತ್ತು. ನಾನು ಐದಕ್ಕೆ ಎರಡು ಅಂಕ ಹಾಕಿ ಪಕ್ಕದಲ್ಲಿ ಬರೆದೆ: "ಪೀಠಿಕೆ ಇಲ್ಲ. ಉಪಸಂಹಾರ ಇಲ್ಲ. ಕಾಗುಣಿತ ದೋಷ."

ಪತ್ರಿಕೆ ಹಂಚಿದ ದಿನ ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಸಾರ್, ನಾನು ಬರೆದದ್ದು ಸುಳ್ಳಾ?" ಎಂದು ಕೇಳಿದಳು.

"ಸುಳ್ಳಲ್ಲಮ್ಮ, ಪ್ರಬಂಧದ ಕ್ರಮದಲ್ಲಿ ಇಲ್ಲ" ಅಂದೆ. ಸರಿ ಸಾರ್ ಎಂದು ಹೊರಟುಹೋದಳು. ಅವಳು ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಲೋಟದ ನೀರು ನೋಡಿದೆ. ನಾನು ತುಮಕೂರಿನಿಂದ ಬಂದವನು. ನನ್ನ ಹಲ್ಲು ಬೆಳ್ಳಗೇ ಇದ್ದವು.

ಮರುದಿನ ಮೂವತ್ತೆಂಟು ಪತ್ರಿಕೆಗಳನ್ನೂ ಮತ್ತೆ ತೆಗೆದುಕೊಂಡು ಕೂತೆ. ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ: ಇದನ್ನು ನಮ್ಮ ಗ್ರಾಮ ಪಂಚಾಯ್ತಿ ಅಧ್ಯಕ್ಷರ ಕೈಗೆ ಕೊಟ್ಟರೆ ಅವರು ನಾಳೆ ಬೆಳಗ್ಗೆ ಎದ್ದು ಏನು ಮಾಡಬಹುದು? ನಾಲ್ಕೂವರೆ ಅಂಕದ ಪ್ರಬಂಧ ಓದಿದವರು ಏನೂ ಮಾಡುವ ಹಾಗಿರಲಿಲ್ಲ. "ಜಾಗೃತಿ ಮೂಡಿಸಬೇಕು" ಎಂದರೆ ಯಾರು ಮೂಡಿಸಬೇಕು, ಯಾರಲ್ಲಿ, ಯಾವಾಗ? ಇನ್ನೂ ದೊಡ್ಡ ತಪ್ಪೊಂದಿತ್ತು. "ಕುದಿಸಿ ಆರಿಸಿ ಕುಡಿಯಬೇಕು" ಎಂದು ಮೂವತ್ತು ಮಕ್ಕಳು ಬರೆದಿದ್ದರು. ನಾನು ಸರಿ ಗುರುತು ಹಾಕಿದ್ದೆ. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ನಮ್ಮ ನೀರಿನ ತೊಂದರೆ ಫ್ಲೋರೈಡ್. ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬೇರೆ ಊರಿನ ರೋಗಕ್ಕೆ ಬರೆದ ಔಷಧಿಯನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿದ್ದರು, ನಾನು ಅದಕ್ಕೆ ಅಂಕ ಕೊಟ್ಟಿದ್ದೆ.

ಹಾಗೆಂದು ಆ ಹುಡುಗಿಯ ಪ್ರಬಂಧಕ್ಕೆ ಐದಕ್ಕೆ ಐದು ಕೊಡಬೇಕಾಗಿತ್ತೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ಇಲ್ಲ. ಸಮಸ್ಯೆಯನ್ನು ಅವಳು ಕಣ್ಣಿಗೆ ಕಟ್ಟುವಂತೆ ಬರೆದಿದ್ದಳು. ಪರಿಹಾರಕ್ಕೆ ಒಂದೇ ಸಾಲು: "ಸರ್ಕಾರ ಒಳ್ಳೆ ನೀರು ಕೊಡಬೇಕು." ನೋವು ನಿಜ, ಆದರೆ ದಾರಿ ಇರಲಿಲ್ಲ. ನನ್ನ ಎರಡನೆಯ ಓದಿನಲ್ಲಿ ಅವಳಿಗೆ ಮೂರೂವರೆ ಬಂತು. ಗೈಡಿನ ಮಕ್ಕಳಿಗೆ ಒಂದೂವರೆ, ಎರಡು.

ಅಂಕ ತಿದ್ದಲು ಹೊರಟೆ. ಆಗ ತರಗತಿಯ ಒಬ್ಬ ಹುಡುಗ ಎದ್ದು ನಿಂತು, "ಸಾರ್, ನೀವು ಹೇಳಿಕೊಟ್ಟ ಹಾಗೇ ಅಲ್ವಾ ನಾವು ಬರೆದಿರೋದು? ಈಗ ಕಡಿಮೆ ಮಾಡಿದ್ರೆ ಹೆಂಗೆ?" ಎಂದ. ಅವನ ಮಾತು ನೂರಕ್ಕೆ ನೂರು ನ್ಯಾಯ. ಆಟ ಮುಗಿದ ಮೇಲೆ ನಿಯಮ ಬದಲಾಯಿಸಬಾರದು. ಯಾವುದಕ್ಕೆ ಅಂಕ ಎಂದು ಮೊದಲೇ ಹೇಳದೆ ಅಂಕ ಕಳೆಯುವ ಹಕ್ಕು ಮೇಷ್ಟ್ರಿಗಿಲ್ಲ. ಅವಳೊಬ್ಬಳಿಗೆ ಮಾತ್ರ ಹೆಚ್ಚಿಸಿದರೂ ಪಕ್ಷಪಾತ ಎನ್ನುತ್ತಿದ್ದರು. ಹಾಗಾಗಿ ರಿಜಿಸ್ಟರಿನಲ್ಲಿ ಅವಳ ಅಂಕ ಎರಡಾಗಿಯೇ ಉಳಿಯಿತು. ನಾನು ಹೇಳಿದ ಸಾಲ ಇದೇ.

ಆಮೇಲೆ ಮಾಡಿದ ಕೆಲಸವೆಂದರೆ, ಆ ಪ್ರಬಂಧವನ್ನೇ ಮತ್ತೆ ಪಾಠವಾಗಿ ಇಟ್ಟುಕೊಂಡದ್ದು. ಎರಡು ತಿಂಗಳು, ಶನಿವಾರದ ಒಂದೊಂದು ಪೀರಿಯಡ್. ಆ ಪಾಠದಲ್ಲಿ ನಾವು ಕಲಿತದ್ದನ್ನು ಇಲ್ಲಿರುವ ಈಗಿನ ಮಕ್ಕಳಿಗೂ ಶಿಕ್ಷಕರಿಗೂ ಹೇಳಬೇಕೆನಿಸಿದೆ.

ಮೊದಲನೆಯದು, ಯಾರಿಗೆ ಬರೆಯುತ್ತಿದ್ದೇವೆ ಎಂಬುದು. ಮೇಷ್ಟ್ರಿಗೆ ಬರೆದರೆ ಮೇಷ್ಟ್ರನ್ನು ಮೆಚ್ಚಿಸುವ ಮಾತು ಬರುತ್ತದೆ. ಅಧ್ಯಕ್ಷರಿಗೆ ಬರೆದರೆ ಅಧ್ಯಕ್ಷರಿಂದ ಆಗುವ ಕೆಲಸವನ್ನೇ ಕೇಳಬೇಕಾಗುತ್ತದೆ. ಜನಸಂಖ್ಯಾ ಸ್ಫೋಟವನ್ನು ತಡೆಯಿರಿ ಎಂದು ಪಂಚಾಯ್ತಿಯನ್ನು ಕೇಳಲಾಗುವುದಿಲ್ಲ.

ಎರಡನೆಯದು, ಅಳತೆ. "ನಮ್ಮ ನೀರು ತುಂಬಾ ಕೆಟ್ಟದು" ಎಂದರೆ ದೂರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5 ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೋರ್‌ವೆಲ್ಲಿನದನ್ನು ಪರೀಕ್ಷೆ ಮಾಡಿಸಿದಾಗ ಅದು ಈ ಎರಡೂ ಗೆರೆಗಳನ್ನು ದಾಟಿತ್ತು. ಅದು ಬರೆದ ಕಾಗದ ಕೈಗೆ ಬಂದ ಮೇಲೆ ನಮ್ಮ ದೂರಿಗೆ ಆಧಾರ ಸಿಕ್ಕಿತು. ಅಳತೆಯ ಬಲ ಎಂಥದೆಂದು ತಿಳಿಯಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ನೆನಪಿಸಿಕೊಳ್ಳಿ. "ನಮ್ಮ ಭಾಗ ಹಿಂದುಳಿದಿದೆ" ಎಂಬ ಕೂಗು ರಾಜ್ಯದಲ್ಲಿ ಹಳೆಯದು. 2002ರಲ್ಲಿ ಆ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನೂ ತೂಗಿ, 114 ತಾಲ್ಲೂಕು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಿತು. ಎಂಟು ವರ್ಷಗಳ ವಿಶೇಷ ಯೋಜನೆಯನ್ನೂ ಮುಂದಿಟ್ಟಿತು. ಅದನ್ನು ಒಪ್ಪಲಿ ಬಿಡಲಿ, ಆಮೇಲೆ ಈ ವಿಷಯ ಮಾತಾಡುವವರು ಆ ಲೆಕ್ಕವನ್ನು ಬಿಟ್ಟು ಮಾತಾಡಲಾಗಲಿಲ್ಲ.

ಮೂರನೆಯದು, ಕಾರಣ. ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಪೀರಿಯಡ್ ಬಿಟ್ಟುಕೊಟ್ಟು ವಿವರಿಸಿದರು. ನಮ್ಮ ನೆಲದಡಿ ಗ್ರಾನೈಟ್ ಜಾತಿಯ ಬಂಡೆ. ಅದರೊಳಗಿನ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಮೇಲಿನ ಬಾವಿ ಬತ್ತಿ, ಬೋರ್‌ವೆಲ್ ಆಳಕ್ಕೆ ಹೋದಂತೆ ಬಂಡೆಯಲ್ಲಿ ಬಹುಕಾಲ ನಿಂತ ನೀರನ್ನೇ ನಾವು ಎತ್ತುತ್ತೇವೆ. ಇಷ್ಟು ತಿಳಿದ ಮೇಲೆ ಮಕ್ಕಳೇ ಹೇಳಿದರು: "ಹಾಗಾದ್ರೆ ಇನ್ನೊಂದು ಬೋರ್ ಕೊರೆಸಿ ಅಂತ ಕೇಳೋದು ತಪ್ಪು ಸಾರ್. ಬಂಡೆ ಮುಟ್ಟದ ನೀರು ಬೇಕು." ಬಂಡೆ ಮುಟ್ಟದ ನೀರೆಂದರೆ ಮಳೆನೀರು. ನೋಡಿ, ಕಾರಣ ಸರಿಯಾಗಿ ತಿಳಿದರೆ ಪರಿಹಾರದ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.

ಅದೇ ದಿನ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಹಲ್ಲಿನ ಕಲೆ ಬೀಳುವುದು ಎಳೆಯ ವಯಸ್ಸಿನಲ್ಲಿ, ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವಾಗ, ಸುಮಾರು ಎಂಟು ವರ್ಷದೊಳಗೆ. ಒಮ್ಮೆ ಬಿದ್ದ ಕಲೆ ಒಳ್ಳೆಯ ನೀರು ಕುಡಿದರೂ ಹೋಗುವುದಿಲ್ಲ. ತರಗತಿ ಸ್ತಬ್ಧವಾಯಿತು. ತಮ್ಮ ಹಲ್ಲಿಗೆ ತಡವಾಯಿತು ಎಂದು ಆ ಮಕ್ಕಳಿಗೆ ಆ ಕ್ಷಣ ಗೊತ್ತಾಯಿತು. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಹುಡುಗಿಯೇ ಎದ್ದು ನಿಂತು, "ಹಾಗಾದ್ರೆ ತೊಟ್ಟಿ ಹೈಸ್ಕೂಲಿಗೆ ಬೇಡ ಸಾರ್. ಮೊದಲು ಪ್ರೈಮರಿ ಸ್ಕೂಲಿಗೆ, ಅಂಗನವಾಡಿಗೆ ಕೇಳೋಣ. ನಮ್ಮ ತಂಗಿ ಅಲ್ಲಿದ್ದಾಳೆ" ಅಂದಳು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಇಡೀ ಪ್ರಬಂಧವೇ ತಿರುಗಿತು. ತನಗಾಗಿ ಕೇಳುವವನ ಮಾತಿಗಿಂತ ತನಗೆ ಲಾಭವಿಲ್ಲದೆಯೂ ಕೇಳುವವನ ಮಾತಿಗೆ ತೂಕ ಹೆಚ್ಚು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಾಲ್ಕನೆಯದು, ಲೆಕ್ಕ ಕೊಟ್ಟು ಕೇಳುವುದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಪ್ರೈಮರಿ ಶಾಲೆಯ ಎರಡು ಕೊಠಡಿಗಳ ಚಾವಣಿಯನ್ನು ಮಕ್ಕಳು ಟೇಪು ಹಿಡಿದು ಅಳೆದರು, 60 ಚದರ ಮೀಟರ್. ವರ್ಷದ ಮಳೆ 500 ಮಿಲಿಮೀಟರ್ ಎಂದಿಟ್ಟುಕೊಂಡರು. 30,000 ಲೀಟರ್. ಅದರಲ್ಲಿ ಐದನೇ ಒಂದು ಭಾಗ ಚೆಲ್ಲಿಹೋಗುತ್ತದೆ ಎಂದು ಕಳೆದರೆ 24,000 ಲೀಟರ್. ಶಾಲೆ, ಅಂಗನವಾಡಿ ಸೇರಿ 90 ಮಕ್ಕಳು, ದಿನಕ್ಕೆ ತಲೆಗೆ ಒಂದು ಲೀಟರ್, 220 ದಿನ ಎಂದರೆ 19,800 ಲೀಟರ್. ಸಾಕು! ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಗಣಿತದ ಮೇಡಂ ಒಂದು ಪ್ರಶ್ನೆ ಕೇಳಿದರು: "ಮಳೆ ದಿನಾ ಬರುತ್ತೇನ್ರೋ?" ಮಳೆ ನಿಂತ ಮೇಲೆ ಬೇಸಿಗೆ ರಜೆಯವರೆಗೆ ಸುಮಾರು 110 ಶಾಲಾ ದಿನ. ಅಷ್ಟು ದಿನಕ್ಕೆ 9,900 ಲೀಟರ್ ಕೂಡಿಡಬೇಕು. ಹಾಗಾದರೆ ತೊಟ್ಟಿ 10,000 ಲೀಟರಿನದಾಗಬೇಕು. ಹೀಗೆ ಮನವಿಯಲ್ಲಿ "ಒಂದು ತೊಟ್ಟಿ" ಎಂದಿದ್ದದ್ದು "10,000 ಲೀಟರಿನ ಮುಚ್ಚಿದ ತೊಟ್ಟಿ, ಮೊದಲ ಮಳೆಯ ಕೊಳೆನೀರು ಹೊರಹೋಗುವ ಪೈಪು, ಜಾಲರಿ, ನಲ್ಲಿ" ಎಂದಾಯಿತು.

ಐದನೆಯದು, ಎದುರಿನವರ ಮಾತನ್ನು ನಾವೇ ಮೊದಲು ಹೇಳುವುದು. ಮಕ್ಕಳ ಮೊದಲ ಮನವಿಗೆ ಪಂಚಾಯ್ತಿಯಿಂದ ಉತ್ತರವೇ ಬರಲಿಲ್ಲ. ಹೋಗಿ ಕೇಳಿದಾಗ ಸದಸ್ಯರೊಬ್ಬರು, "ಮಳೆಯೇ ಇಲ್ಲದ ಊರಲ್ಲಿ ಮಳೆ ತೊಟ್ಟಿನಾ? ಸುವರ್ಣಜಲ ಯೋಜನೆಯಲ್ಲಿ ಶಾಲೆ ಶಾಲೆಗೂ ಕಟ್ಟಿಸಿದ್ರಲ್ಲ, ಎಷ್ಟು ಕಡೆ ಬಿರುಕು ಬಿಟ್ಟು ಬಿದ್ದಿವೆ ನೋಡಿ" ಎಂದರು. ಮಕ್ಕಳಿಗೆ ಸಿಟ್ಟು ಬಂತು. ನಾನು ಹೇಳಿದೆ: "ಸಿಟ್ಟಾಗಬೇಡಿ, ಅವರು ನಿಮಗೆ ಒಂದು ಪ್ಯಾರಾ ಕೊಟ್ಟಿದ್ದಾರೆ, ಬರೆಯಿರಿ." ಎರಡನೆಯ ಮನವಿಯಲ್ಲಿ ಆ ಪ್ಯಾರಾ ಬಂತು. ಮಳೆ ಅರ್ಧಕ್ಕರ್ಧ ಕಡಿಮೆಯಾದರೂ 12,000 ಲೀಟರ್ ಸಿಗುತ್ತದೆ, ಆಗ ಇಡೀ ವರ್ಷಕ್ಕೆ ಸಾಲುವುದಿಲ್ಲ ಎಂದು ಒಪ್ಪಿಕೊಂಡರು. ಮನೆಯಲ್ಲಿ ಮಕ್ಕಳು ಕುಡಿಯುವುದು ಬೋರ್ ನೀರೇ, ಹಾಗಾಗಿ ಇದು ಪೂರ್ತಿ ಪರಿಹಾರವಲ್ಲ ಎಂದೂ ಬರೆದರು. ತೊಟ್ಟಿ ಹಾಳಾಗುವುದು ನೋಡಿಕೊಳ್ಳುವವರಿಲ್ಲದೆ, ಆದ್ದರಿಂದ ಮಳೆಗಾಲಕ್ಕೆ ಮುಂಚೆ ಚಾವಣಿ ಗುಡಿಸುವ, ತೊಟ್ಟಿ ತೊಳೆಯುವ ಪಾಳಿ ಹೈಸ್ಕೂಲಿನ ಒಂಬತ್ತನೇ ತರಗತಿಯದು ಎಂದು ಸಹಿ ಹಾಕಿದರು. ನಮ್ಮ ಪರಿಹಾರದ ಕೊರತೆಯನ್ನು ನಾವೇ ಹೇಳಿದರೆ ವಾದ ಸೋಲುತ್ತದೆ ಎಂದು ತಿಳಿದವನು ನಾನು. ಆದರೆ ಮಕ್ಕಳ ಗ್ರಾಮಸಭೆಯಲ್ಲಿ ಆ ಮನವಿ ಓದಿದಾಗ, ಹಿಂದೆ ನಕ್ಕಿದ್ದ ಸದಸ್ಯರೇ "ಈ ಮಕ್ಕಳು ಲೆಕ್ಕ ಇಟ್ಟು ಮಾತಾಡ್ತಿದ್ದಾರೆ" ಎಂದರು.

ಈಗ ಮೌಲ್ಯಮಾಪನದ ಮಾತು. ಶಿಕ್ಷಕ ಬಂಧುಗಳೆ, ಇದು ನಿಮಗೆ. ಪರೀಕ್ಷೆಯಲ್ಲಿ ಪ್ರಬಂಧ ನಾಲ್ಕೈದು ಅಂಕದ ಪ್ರಶ್ನೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟು ಇರಲಿ, ಅದು ಕೆಟ್ಟದ್ದಲ್ಲ. ಮನೆಗೆ ಬಾಗಿಲು ಬೇಕು, ನಡುಮನೆ ಬೇಕು, ಹಿತ್ತಿಲು ಬೇಕು. ಆದರೆ ಬಾಗಿಲು ಚೆನ್ನಾಗಿದೆ ಎಂದು ಖಾಲಿ ಮನೆಗೆ ಬಾಡಿಗೆ ಕೊಡುವವರಿಲ್ಲ. ತರಗತಿಯ ಅಭ್ಯಾಸಕ್ಕೆ ನಾವು ಇಪ್ಪತ್ತು ಅಂಕದ ಒಂದು ಪಟ್ಟಿ ಮಾಡಿ, ಬರೆಯುವ ಮುಂಚೆಯೇ ಕಪ್ಪು ಹಲಗೆಯ ಮೇಲೆ ಹಾಕಿದೆವು. ಸಮಸ್ಯೆ ಯಾರದು, ಎಲ್ಲಿ, ಎಷ್ಟು ಎಂಬುದಕ್ಕೆ ನಾಲ್ಕು. ಕಾರಣಕ್ಕೆ ನಾಲ್ಕು. ಪರಿಹಾರವನ್ನು ಯಾರು, ಯಾವುದರಿಂದ, ಯಾವಾಗ ಮಾಡಬೇಕು ಎಂಬುದಕ್ಕೆ ಐದು. ಎದುರು ಮಾತಿಗೆ ಉತ್ತರ ಮೂರು. ಭಾಷೆ ಮತ್ತು ಕ್ರಮಕ್ಕೆ ನಾಲ್ಕು. ಕಾಗುಣಿತ ಲೆಕ್ಕಕ್ಕಿಲ್ಲ ಎಂದಲ್ಲ. ಆದರೆ ಅದು ನಾಲ್ಕರೊಳಗೇ ಇರಬೇಕು, "ನೀಳ್ಳು" ಎಂದು ಬರೆದದ್ದಕ್ಕೆ ಇಡೀ ನೀರನ್ನೇ ಚೆಲ್ಲಬಾರದು.

ಪತ್ರಿಕೆಗಳನ್ನು ಮಕ್ಕಳ ಕೈಗೇ ಕೊಟ್ಟೆ. ಒಂದು ಪ್ರಬಂಧವನ್ನು ಇಬ್ಬರು ಬೇರೆ ಬೇರೆ ಕೂತು ತಿದ್ದಬೇಕು. ಒಂದು ಪ್ರಬಂಧಕ್ಕೆ ಒಬ್ಬ ಹನ್ನೊಂದು ಕೊಟ್ಟ, ಇನ್ನೊಬ್ಬಳು ಹದಿನೇಳು ಕೊಟ್ಟಳು. ಯಾಕೆ ಎಂದು ಕೇಳಿದರೆ, "ಅಕ್ಷರ ಮುತ್ತಿನ ಹಾಗಿದೆ ಸಾರ್, ಗಾದೆ ಬೇರೆ ಹಾಕಿದ್ದಾನೆ" ಎಂದಳು. ನಾನು ಇಪ್ಪತ್ತು ವರ್ಷ ಹಾಗೇ ಅಂಕ ಹಾಕಿದವನು, ಅವಳಿಗೆ ಏನು ಹೇಳಲಿ? ಇಬ್ಬರನ್ನೂ ಎದುರುಬದುರು ಕೂರಿಸಿ, ಪಟ್ಟಿಯ ಪ್ರಕಾರ ಒಂದೊಂದೇ ಸಾಲು ತೋರಿಸಿ ಒಪ್ಪಿಸಿಕೊಳ್ಳಿ ಎಂದೆ. ಅರ್ಧ ಗಂಟೆ ವಾದ ಮಾಡಿ ಹದಿಮೂರಕ್ಕೆ ಬಂದರು. ಆ ಅರ್ಧ ಗಂಟೆಯಲ್ಲಿ ಅವರು ಕಲಿತಷ್ಟನ್ನು ನನ್ನ ಕೆಂಪು ಪೆನ್ನು ಎಂದೂ ಕಲಿಸಿರಲಿಲ್ಲ.

ತೊಟ್ಟಿ ಏನಾಯಿತು ಎಂದು ಕೇಳುತ್ತೀರಿ. ಬಂತು. 2011ರ ಮಳೆಗೆ ಮೊದಲ ಸಲ ತುಂಬಿತು. ಅಷ್ಟರಲ್ಲಿ ಆ ತಂಡ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿತ್ತು. ಒಂಬತ್ತನೇ ತರಗತಿಯ ಪಾಳಿ ಕೆಲವು ವರ್ಷ ನಡೆಯಿತು, ನನಗೆ ವರ್ಗವಾದ ಮೇಲೆ ನಿಂತಿತು ಎಂದು ಕೇಳಿದೆ. ಇದನ್ನೂ ಮುಚ್ಚಿಡುವುದಿಲ್ಲ. ಬರೆದ ಪರಿಹಾರವನ್ನು ನಡೆಸಿಕೊಂಡು ಹೋಗುವವರು ಬೇಕು. ಈಗ ಊರಿಗೆ ನಾಣ್ಯ ಹಾಕಿದರೆ ನೀರು ಬರುವ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ, ಸಂತೋಷ. ಅದು ಕೆಟ್ಟು ನಿಂತ ವಾರಗಳಲ್ಲಿ ಅಂಗನವಾಡಿಯ ಮಕ್ಕಳು ಏನು ಕುಡಿಯುತ್ತಾರೆ? ಈಗಿನ ಒಂಬತ್ತನೇ ತರಗತಿಗೆ ಇದೇ ಪ್ರಬಂಧದ ವಿಷಯ.

ಇಷ್ಟು ಹೇಳಿದ ಮೇಲೆ ನಾನೂ ನನ್ನ ಪಟ್ಟಿಯ ಪ್ರಕಾರವೇ ಮುಗಿಸಬೇಕು. "ಆದ್ದರಿಂದ ನಾವೆಲ್ಲರೂ ಕೈಜೋಡಿಸೋಣ" ಎಂದು ಹೇಳಿ ಕೂತರೆ ನೀವು ನನಗೆ ಎರಡು ಅಂಕ ಕೊಡಬೇಕಾಗುತ್ತದೆ. ಎರಡೇ ಬೇಡಿಕೆ. ಶಿಕ್ಷಕರು ವರ್ಷಕ್ಕೆ ಒಂದು ಪ್ರಬಂಧವನ್ನಾದರೂ ನಿಜವಾದ ಒಬ್ಬ ವ್ಯಕ್ತಿಗೆ ಬರೆಸಬೇಕು, ಅಂಕದ ಪಟ್ಟಿಯನ್ನು ಬರೆಯುವ ಮುಂಚೆ ಹಲಗೆಯ ಮೇಲೆ ಹಾಕಬೇಕು. ಊರಿನ ಹಿರಿಯರು, ಪಂಚಾಯ್ತಿಯವರು, ಮಕ್ಕಳ ಮನವಿ ಬಂದರೆ ಒಂದು ತಿಂಗಳೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ಆಗುತ್ತದೆ ಎಂದೇ ಹೇಳಬೇಕಾಗಿಲ್ಲ, ಆಗುವುದಿಲ್ಲ, ಇಂಥ ಕಾರಣಕ್ಕೆ ಎಂದರೂ ಸಾಕು. ಆ ಉತ್ತರದಿಂದ ಮಕ್ಕಳು ಮುಂದಿನ ಪ್ಯಾರಾ ಬರೆಯುತ್ತಾರೆ. ಖರ್ಚು ಒಂದು ಹಾಳೆ ಕಾಗದ. "ಪಾಠ ಮುಗಿಸಲು ಸಮಯವಿಲ್ಲ ಸಾರ್" ಎಂದು ಶಿಕ್ಷಕರು ಹೇಳುತ್ತೀರಿ, ನನಗೆ ಗೊತ್ತು, ನಾನೂ ಹೇಳಿದವನೇ. ನಮಗೆ ಹಿಡಿದದ್ದು ಎಂಟು ಶನಿವಾರ. ಆ ವರ್ಷ ನನ್ನ ಪಾಠ ಯಾವುದೂ ಬಾಕಿ ಉಳಿಯಲಿಲ್ಲ.

ಕೊನೆಯದಾಗಿ, ಆ ಹುಡುಗಿ ಇವತ್ತು ಈ ಸಭೆಯಲ್ಲಿದ್ದಾಳೆ. ಹೆಸರು ಹೇಳಬೇಡಿ ಸಾರ್ ಎಂದು ಮೊದಲೇ ಮಾತು ತೆಗೆದುಕೊಂಡಿದ್ದಾಳೆ. ಬೆಳಗ್ಗೆ ಹಳೆಯ ವಿದ್ಯಾರ್ಥಿಗಳ ಗುಂಪು ಫೋಟೋ ತೆಗೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ತಾನಾಗಿ ಬಾಯಿಯ ಹತ್ತಿರ ಹೋಯಿತು, ಅರ್ಧಕ್ಕೆ ನಿಂತಿತು. ಆಮೇಲೆ ಕೈ ಇಳಿಸಿ ನಕ್ಕಳು. ಅವಳ ಪಕ್ಕದಲ್ಲಿ ಅವಳ ತಂಗಿ ನಿಂತಿದ್ದಳು. ಆ ಫೋಟೋ ಈ ಸಂಚಿಕೆಯಲ್ಲಿ ಬರುತ್ತದೆಯಂತೆ, ನೋಡಿ.

ಅಮ್ಮಾ, ರಿಜಿಸ್ಟರಿನಲ್ಲಿ ನಿನಗೆ ಎರಡು ಎಂದಿದೆ. ಅದನ್ನು ತಿದ್ದಲು ನನಗಿನ್ನು ಅಧಿಕಾರವಿಲ್ಲ. ನೀನು ಬರೆದದ್ದು ಸುಳ್ಳಲ್ಲ ಎಂದು ಅಂದು ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದೆ. ಅದು ಸರಿಯಾಗಿತ್ತು, ತಪ್ಪು ನನ್ನದಾಗಿತ್ತು ಎಂದು ಇಂದು ಊರ ಮುಂದೆ ಹೇಳುತ್ತಿದ್ದೇನೆ.